ಎಣ್ಣೆಗೂ ಮೊದಲು ಹತ್ತಿ ಇತ್ತು: ನವಲಗುಂದದ ಎರಿ ಹೊಲ, ಲಿವರ್‌ಪೂಲ್‌ನ ಬೆಲೆ

ಇವತ್ತಿನ ಮಾತು ಒಂದು ಹಾಲಿವುಡ್ ಸಿನಿಮಾದಿಂದ ಶುರುವಾಗಿ ಧಾರವಾಡ ಜಿಲ್ಲೆಯ ಎರಿ ಹೊಲಕ್ಕೆ ಬಂದು ನಿಲ್ಲುತ್ತದೆ. ಎತ್ತಣಿಂದೆತ್ತ ಸಂಬಂಧ ಅನ್ನಿಸಬಹುದು. ಸ್ವಲ್ಪ ತಾಳ್ರಿ, ದಾರಿ ಸಿಗುತ್ತದೆ.

ಸಿನಿಮಾದ ಹೆಸರು 'ಸಿರಿಯಾನಾ'. 2005ರಲ್ಲಿ ಬಂದದ್ದು, ನಿರ್ದೇಶಕ ಸ್ಟೀಫನ್ ಗೇಗನ್. ಜಾರ್ಜ್ ಕ್ಲೂನಿ ಇದರಲ್ಲಿ ಸಿಐಎ ಅಧಿಕಾರಿಯ ಪಾತ್ರ ಮಾಡಿ ಆಸ್ಕರ್ ತಗೊಂಡ. ಕಥೆ ಒಂದು ಕಡೆ ನಿಲ್ಲುವುದಿಲ್ಲ. ಕೊಲ್ಲಿಯ ಕಾಲ್ಪನಿಕ ದೇಶವೊಂದರ ರಾಜಕುಮಾರ ತನ್ನ ದೇಶದ ಅನಿಲವನ್ನು ಅಮೆರಿಕದ ಕಂಪನಿಗೆ ಕೊಡುವ ಬದಲು ಚೀನಾದವರಿಗೆ ಕೊಡುತ್ತಾನೆ. ವಾಷಿಂಗ್ಟನ್‌ನಲ್ಲಿ ವಕೀಲರು ಎರಡು ಎಣ್ಣೆ ಕಂಪನಿಗಳ ವಿಲೀನದ ಕಡತ ತಿರುವುತ್ತಾರೆ. ಇವರ್ಯಾರಿಗೂ ಗೊತ್ತಿಲ್ಲದ ಪಾಕಿಸ್ತಾನದ ಹುಡುಗನೊಬ್ಬ ಆ ಎಣ್ಣೆ ಬಾವಿಯಲ್ಲಿ ಕೂಲಿ ಮಾಡುತ್ತಿರುತ್ತಾನೆ. ಗುತ್ತಿಗೆ ಕೈ ಬದಲಾದದ್ದೇ ತಡ, ಅವನ ಕೆಲಸ ಹೋಗುತ್ತದೆ. ಮುಂದೆ ರಾಜಕುಮಾರ ಕ್ಷಿಪಣಿಗೆ ಬಲಿಯಾಗುತ್ತಾನೆ, ಹುಡುಗ ಆತ್ಮಾಹುತಿ ದಾಳಿಕೋರನಾಗುತ್ತಾನೆ.

ಇಂಥ ಸಿನಿಮಾ ನೋಡಿ ಹೊರಗೆ ಬರುವಾಗ ನಾವೆಲ್ಲ ಒಂದೇ ಮಾತು ಆಡುತ್ತೇವೆ: "ಎಲ್ಲಾ ದೊಡ್ಡವರ ಆಟ ರೀ, ಎಣ್ಣೆ ಸಲುವಾಗಿ." ಮಾತು ಸುಳ್ಳಲ್ಲ. ಇರಾನಿನ ಪ್ರಧಾನಿ ಮೊಹಮ್ಮದ್ ಮೊಸಾದೆಗ್ 1951ರಲ್ಲಿ ಬ್ರಿಟಿಷರ ಕೈಲಿದ್ದ ಎಣ್ಣೆ ಉದ್ಯಮವನ್ನು ರಾಷ್ಟ್ರೀಕರಣ ಮಾಡಿದರು. 1953ರ ಆಗಸ್ಟ್ 19ರಂದು ಅವರ ಸರ್ಕಾರ ಉರುಳಿತು. ಅದರ ಹಿಂದೆ ತನ್ನ ಕೈ ಇತ್ತು ಎಂದು ಸಿಐಎ ಬಹಿರಂಗಗೊಳಿಸಿದ ದಾಖಲೆಯಲ್ಲೇ ಒಪ್ಪಿಕೊಂಡದ್ದು 60 ವರ್ಷ ಕಳೆದ ಮೇಲೆ, 2013ರಲ್ಲಿ. ಈ ಇಸವಿಗಳನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಇವೇ ನಮ್ಮನ್ನು ನವಲಗುಂದಕ್ಕೆ ಕರೆದುಕೊಂಡು ಹೋಗುತ್ತವೆ.

ಆದರೆ ಒಂದು ಪ್ರಶ್ನೆ. ಎಣ್ಣೆಗೆ ಈ ಬಲ ಬಂದದ್ದು ಹೇಗೆ? ಒಂದು, ದೊಡ್ಡ ದೇಶದ ಯಂತ್ರಗಳು ಅದಿಲ್ಲದೆ ನಡೆಯೋದಿಲ್ಲ. ಎರಡು, ಅದು ಆ ದೇಶದಲ್ಲಿ ಸಿಗೋದಿಲ್ಲ, ಸಿಕ್ಕರೂ ಸಾಲೋದಿಲ್ಲ. ಮೂರು, ಸಿಗುವ ಜಾಗಗಳು ಕೆಲವೇ ಕೆಲವು. ಈ ಮೂರೂ ಕೂಡಿದಾಗ ಒಂದು ಸರಕು ಬರೀ ಸರಕಾಗಿ ಉಳಿಯೋದಿಲ್ಲ, ಅದು ರಾಜಕಾರಣವಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಮೂರೂ ಗುಣ ಇದ್ದ ಸರಕು ಹತ್ತಿ. ಆ ಹತ್ತಿಯ ಜಗಳದಲ್ಲಿ ನವಲಗುಂದ, ಅಣ್ಣಿಗೇರಿ, ಹುಬ್ಬಳ್ಳಿ ಕಡೆಯ ಎರಿ ಭೂಮಿಯ ಹೆಸರು ಬ್ರಿಟನ್ನಿನ ಪಾರ್ಲಿಮೆಂಟಿನ ತನಕ ಹೋಗಿತ್ತು.

ಅಮೆರಿಕದಿಂದ ಬಂದ ಹತ್ತು ಮಂದಿ

1817-18ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಧಾರವಾಡ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತು. ಎರಿ ಭೂಮಿಯಲ್ಲಿ ಹತ್ತಿ ಹೊಸತೇನಲ್ಲ, ತಲೆಮಾರುಗಳಿಂದ ಜೋಳ, ಕಡಲೆ, ಕುಸುಬೆಯ ಜೊತೆ ಜವಾರಿ ಹತ್ತಿ ಬೆಳೆಯುತ್ತಿದ್ದರು. ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿದ್ದ ಕಾರಣಕ್ಕೆ ವ್ಯಾಪಾರಿಗಳ ಬಾಯಲ್ಲಿ ಅದರ ಹೆಸರೇ 'ಕುಂಪ್ಟಾ' ಹತ್ತಿ ಆಯಿತು. ಹೊಲ ನಮ್ಮದು, ಬೆವರು ನಮ್ಮದು, ಹೆಸರು ಮಾತ್ರ ಹಡಗು ಹತ್ತಿದ ಊರಿನದು.

ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಈ ಹತ್ತಿ ಅಷ್ಟಾಗಿ ಒಗ್ಗುತ್ತಿರಲಿಲ್ಲ. ಎಳೆ ಗಿಡ್ಡ, ಕಸ ಜಾಸ್ತಿ ಅನ್ನೋದು ಅವರ ದೂರು. ಅವರಿಗೆ ಬೇಕಾಗಿದ್ದದ್ದು ಅಮೆರಿಕದ ಉದ್ದೆಳೆಯ ಹತ್ತಿ. ಹಾಗಾದರೆ ಅದನ್ನೇ ಹಿಂದುಸ್ತಾನದಲ್ಲಿ ಬೆಳೆಸಿದರೆ ಹೇಗೆ? ಕಂಪನಿ 1839-40ರಲ್ಲಿ ಕ್ಯಾಪ್ಟನ್ ಬೇಲ್ಸ್ ಎಂಬ ಅಧಿಕಾರಿಯನ್ನು ಅಮೆರಿಕಕ್ಕೆ ಕಳಿಸಿತು. ಆತ ಹತ್ತು ಮಂದಿ ಹತ್ತಿ ತೋಟಗಾರರನ್ನು ಸಂಬಳಕ್ಕೆ ಗೊತ್ತು ಮಾಡಿ, ಬೀಜ ಮತ್ತು ಯಂತ್ರಗಳ ಸಮೇತ ಕರೆತಂದ. ಅಮೆರಿಕದಲ್ಲಿ ಹತ್ತಿ ಬೆಳೆಯುತ್ತಿದ್ದದ್ದು ಗುಲಾಮರ ದುಡಿಮೆಯಿಂದ. ಅಂಥ ಪದ್ಧತಿ ಕಂಡವರು ಇಲ್ಲಿನ ಒಕ್ಕಲಿಗನಿಗೆ ಹತ್ತಿ ಪಾಠ ಹೇಳೋದಕ್ಕೆ ಬಂದರು.

ಬಹಳ ಕಡೆ ಈ ಪ್ರಯೋಗ ನೆಲ ಕಚ್ಚಿತು. ಗೆದ್ದದ್ದು ಮುಖ್ಯವಾಗಿ ಧಾರವಾಡ ಸೀಮೆಯಲ್ಲಿ. ನ್ಯೂ ಆರ್ಲಿಯನ್ಸ್ ಮೂಲದ ಬೀಜ ಇಲ್ಲಿನ ಕಪ್ಪು ಮಣ್ಣು ಮತ್ತು ಹಿಂಗಾರಿ ಹವೆಗೆ ಹೊಂದಿಕೊಂಡಿತು. ಜನ ಅದನ್ನು ವಿಲಾಯತಿ ಹತ್ತಿ ಅಂದರು, ಲಿವರ್‌ಪೂಲ್ ಪೇಟೆಯಲ್ಲಿ ಅದು 'ಧಾರವಾಡ-ಅಮೆರಿಕನ್' ಆಯಿತು. ಇಲ್ಲಿ ಒಂದು ತಮಾಷೆ ನೋಡ್ರಿ. ಆ ತೋಟಗಾರರ ಪೈಕಿ ಈ ಭಾಗದಲ್ಲಿ ಕೆಲಸ ಮಾಡಿದ ಮರ್ಸರ್ ಎಂಬಾತ 1845ರಲ್ಲಿ ಸರ್ಕಾರಕ್ಕೆ ಖಡಾಖಂಡಿತವಾಗಿ ತಿಳಿಸಿದ: ಪ್ರಯೋಗದ ಹೊಲಗಳು ದುಡ್ಡಿಗೆ ದಂಡ. ಅಮೆರಿಕದ ಪದ್ಧತಿ ಇಲ್ಲಿಗೆ ಹೊಂದುವುದಿಲ್ಲ. ಈ ಮಣ್ಣು, ಈ ಹವೆ ಬಲ್ಲ ಇಲ್ಲಿನ ರೈತನೇ ಯಾವ ಯುರೋಪಿಯನ್ನನಿಗಿಂತ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲ. ಕಲಿಸಲು ಬಂದ ಮೇಷ್ಟ್ರೇ ಪಾಠ ನಿಲ್ಲಿಸಿರಿ ಅಂದ ಹಾಗಾಯಿತು.

ಬೀಜ ಮಾತ್ರ ಉಳಿಯಿತು. ಬೀಜದ ಹಿಂದೆ ಯಂತ್ರ ಬಂತು. ಜವಾರಿ ಹತ್ತಿಯ ಕಾಳನ್ನು ಮನೆಯ ಹೆಣ್ಣುಮಕ್ಕಳೇ ಬಿಡಿಸುತ್ತಿದ್ದರು. ಹಾಸುಗಲ್ಲಿನ ಮೇಲೆ ಹತ್ತಿ ಇಟ್ಟು, ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿದರೆ ಕಾಳು ಬೇರೆ, ಅರಳೆ ಬೇರೆ. ಕಾಳು ಎಮ್ಮೆಗೆ, ಅರಳೆ ಪೇಟೆಗೆ. ವಿಲಾಯತಿ ಹತ್ತಿಯ ಅರಳೆ ಕಾಳನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಈ ಉಪಾಯಕ್ಕೆ ಬಗ್ಗುವುದಿಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್ನೇ ಬೇಕು. ಆ ಜಿನ್ನು ಮಾಡಲು, ರಿಪೇರಿ ಮಾಡಲು ಸರ್ಕಾರ ಧಾರವಾಡದಲ್ಲಿ ಕಾರ್ಖಾನೆ ತೆರೆಯಿತು. ಅಂದ್ರೆ ಬೀಜ ಬದಲಾದ ಕೂಡಲೇ, ಮನೆಯಂಗಳದ ಕೆಲಸವೊಂದು ಯಂತ್ರ ಇದ್ದವರ ಬಾಗಿಲಿಗೆ ಹೋಯಿತು. ಈ ಮಾತನ್ನೂ ನೆನಪಿಡ್ರಿ, 2002ಕ್ಕೆ ಬಂದಾಗ ಬೇಕಾಗುತ್ತದೆ.

ಮ್ಯಾಂಚೆಸ್ಟರ್‌ನ ಭಯ, ಕಾರವಾರದ ದಾರಿ

1860ರ ಹೊತ್ತಿಗೆ ಬ್ರಿಟನ್ ಆಮದು ಮಾಡಿಕೊಳ್ಳುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕದ್ದು. ಆಗ ಅಮೆರಿಕದಲ್ಲಿ ಸುಮಾರು 40 ಲಕ್ಷ ಮಂದಿ ಗುಲಾಮರಿದ್ದರು. ಗುಲಾಮಗಿರಿಯ ವಿಷಯದಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ಜಗಳ ಏರುತ್ತಲೇ ಇತ್ತು. ಅಲ್ಲಿ ಬೆಂಕಿ ಬಿದ್ದರೆ ಇಲ್ಲಿ ನಮ್ಮ ಗಿರಣಿ ನಿಲ್ಲುತ್ತದೆ ಅನ್ನೋದು ಮ್ಯಾಂಚೆಸ್ಟರ್ ಮಾಲೀಕರಿಗೆ ಮೊದಲೇ ತಿಳಿದಿತ್ತು. 1848ರಲ್ಲೇ ಜಾನ್ ಬ್ರೈಟ್ ಅಧ್ಯಕ್ಷತೆಯಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ಹಿಂದುಸ್ತಾನದ ಹತ್ತಿಯ ಬಗ್ಗೆ ವಿಚಾರಣೆ ನಡೆಸಿತ್ತು. 1857ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಾಟನ್ ಸಪ್ಲೈ ಅಸೋಸಿಯೇಷನ್ ಹುಟ್ಟಿತು. ಅಮೆರಿಕ ಬಿಟ್ಟು ಬೇರೆಲ್ಲಿ ಹತ್ತಿ ಸಿಗುತ್ತದೆ ಅಂತ ಹುಡುಕೋದೇ ಅದರ ಕೆಲಸ. ಇವತ್ತಿನ ಮಾತಿನಲ್ಲಿ ಹೇಳೋದಾದರೆ, ಎಣ್ಣೆಗೆ ಕೊಲ್ಲಿಯನ್ನೇ ನಂಬಿ ಕೂರಬೇಡಿ, ಬೇರೆ ಬಾವಿ ಹುಡುಕಿ ಅನ್ನುವ ಧೋರಣೆ.

ಅದೇ 1857-58 ನಮ್ಮ ಸೀಮೆಯಲ್ಲಿ ಎಂಥ ಕಾಲ ಅಂತ ನಿಮಗೆ ಗೊತ್ತು. ನವಲಗುಂದದ ಪಕ್ಕದ ನರಗುಂದ ಸಂಸ್ಥಾನದಲ್ಲಿ ಬಾಬಾಸಾಹೇಬ ಭಾವೆಗೆ ದತ್ತು ತಗೊಳ್ಳಲು ಕಂಪನಿ ಸರ್ಕಾರ ಒಪ್ಪಿಗೆ ಕೊಡಲಿಲ್ಲ. 1858ರ ಮೇ ಕೊನೆಯಲ್ಲಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ಹತನಾದ. ಜೂನ್‌ನಲ್ಲಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಇದು ಹತ್ತಿಗಾಗಿ ನಡೆದ ಬಂಡಾಯ ಅಂತ ನಾನು ಹೇಳುತ್ತಿಲ್ಲ, ಅದು ತಪ್ಪಾಗುತ್ತದೆ. ಆದರೆ ಬಂಡಾಯ ಅಡಗಿದ ಮರುವರ್ಷಗಳಲ್ಲೇ ಅದೇ ಎರಿ ನಾಡಿನ ಮೇಲೆ ಮ್ಯಾಂಚೆಸ್ಟರ್‌ನ ಕಣ್ಣು ಇನ್ನಷ್ಟು ಗಟ್ಟಿಯಾಗಿ ನೆಟ್ಟಿತು.

ಹತ್ತಿ ಇತ್ತು, ದಾರಿ ಇರಲಿಲ್ಲ. ಚಕ್ಕಡಿಗಳು ವಾರಗಟ್ಟಲೆ ನಡೆದು ಘಟ್ಟ ಇಳಿಯಬೇಕು. ಕುಮಟಾದಲ್ಲಿ ದೊಡ್ಡ ಹಡಗು ನಿಲ್ಲುವಂಥ ಆಳದ ಬಂದರು ಇಲ್ಲ, ಸಣ್ಣ ದೋಣಿಗಳಲ್ಲಿ ಅಂಡಿಗೆ ಹೇರಿ ಮುಂಬೈಗೆ ಸಾಗಿಸಬೇಕು. ಆಗ ಮ್ಯಾಂಚೆಸ್ಟರ್‌ನವರ ಕಣ್ಣಿಗೆ ಬಿದ್ದದ್ದು ಕಾರವಾರದ ಸದಾಶಿವಗಡ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದರೆ ಕರಾವಳಿ. ಅಲ್ಲಿಂದ ನೇರ ಹಡಗು. 1860ರಲ್ಲಿ ಹುಟ್ಟಿದ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಸದಾಶಿವಗಡಕ್ಕೆ ಹತ್ತಿ ಒತ್ತುವ ಯಂತ್ರಗಳನ್ನೇ ಕಳಿಸಿತು. ಯಂತ್ರ ಬಂತು, ರಸ್ತೆ ಸಿದ್ಧ ಇರಲಿಲ್ಲ. ಭಾರತ ಸಚಿವ ಚಾರ್ಲ್ಸ್ ವುಡ್ ಮೇಲೆ ಮ್ಯಾಂಚೆಸ್ಟರ್‌ನವರು ಹರಿಹಾಯ್ದರು.

ಇಲ್ಲಿ ಇನ್ನೊಂದು ತೊಡಕಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತದಲ್ಲಿ, ಬಂದರು ಇರುವ ಕಾರವಾರ ಮದ್ರಾಸ್ ಪ್ರಾಂತದಲ್ಲಿ. ಎರಡು ಸರ್ಕಾರಗಳ ನಡುವೆ ರಸ್ತೆ ಯಾರು ಮಾಡಬೇಕು? ಉತ್ತರ ಹೇಗೆ ಸಿಕ್ಕಿತು ಗೊತ್ತೇನ್ರಿ? 1862ರಲ್ಲಿ ಕೆನರಾ ಜಿಲ್ಲೆಯ ಉತ್ತರದ ಭಾಗವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಇವತ್ತು ನಾವು ಉತ್ತರ ಕನ್ನಡ, ದಕ್ಷಿಣ ಕನ್ನಡ ಅಂತ ಎರಡು ಹೆಸರು ಹೇಳುತ್ತೇವಲ್ಲ, ಆ ಗೆರೆಯ ಹಿಂದೆ ಇದ್ದ ದೊಡ್ಡ ಒತ್ತಾಯಗಳಲ್ಲಿ ಒಂದು ಧಾರವಾಡದ ಹತ್ತಿ. ಶಾಲೆಯ ನಕ್ಷೆಯಲ್ಲಿ ಬಣ್ಣ ತುಂಬುವಾಗ ಇದನ್ನು ಯಾರೂ ನಮಗೆ ಹೇಳುವುದಿಲ್ಲ.

ಯುದ್ಧ ಅಲ್ಲಿ, ಸುಗ್ಗಿ ಇಲ್ಲಿ

1861ರ ಏಪ್ರಿಲ್ 12ರಂದು ಅಮೆರಿಕದ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಗುಲಾಮ ಒಡೆಯರ ಲೆಕ್ಕ ಸರಳವಾಗಿತ್ತು: ನಮ್ಮ ಹತ್ತಿ ಇಲ್ಲದೆ ಬ್ರಿಟನ್ ಬದುಕೋದಿಲ್ಲ. ಹತ್ತಿ ತಡೆಹಿಡಿದರೆ ಬ್ರಿಟನ್ ನಮ್ಮ ಪರ ಯುದ್ಧಕ್ಕೆ ಇಳಿಯುತ್ತದೆ. 1973ರಲ್ಲಿ ಅರಬ್ ದೇಶಗಳು ಎಣ್ಣೆಯನ್ನು ಅಸ್ತ್ರ ಮಾಡಿಕೊಂಡದ್ದು ನಿಮಗೆ ನೆನಪಿರಬಹುದು. ಅದಕ್ಕೂ ನೂರು ವರ್ಷ ಮೊದಲೇ ಹತ್ತಿಯಲ್ಲಿ ಆ ಪಟ್ಟು ಹಾಕಿ ನೋಡಿದ್ದರು. ಇತ್ತ ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ನೌಕಾ ದಿಗ್ಬಂಧನ ಹಾಕಿತು. ಎರಡೂ ಸೇರಿ ಲ್ಯಾಂಕಾಶೈರ್ ಗಿರಣಿಗಳ ಚಿಮಣಿ ಆರಿದವು. 1862ರ ಕೊನೆಗೆ ಸುಮಾರು 5 ಲಕ್ಷ ಜನ ಅಲ್ಲಿ ಗಂಜಿಕೇಂದ್ರ, ಪರಿಹಾರದ ದುಡ್ಡನ್ನೇ ನಂಬಿ ಬದುಕುತ್ತಿದ್ದರು.

ಥ್ರಿಲ್ಲರ್ ಸಿನಿಮಾಕ್ಕೆ ಬೇಕಾದ ಸರಕೆಲ್ಲ ಈ ಯುದ್ಧದಲ್ಲಿ ಇತ್ತು. ತಾನು ತಟಸ್ಥ ಅಂತ ಹೇಳಿಕೊಂಡ ಬ್ರಿಟನ್‌ನ ನೆಲದಲ್ಲೇ, ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್‌ನಲ್ಲಿ, ದಕ್ಷಿಣದವರಿಗಾಗಿ 'ಅಲಬಾಮಾ' ಅನ್ನುವ ಯುದ್ಧನೌಕೆ ಗುಟ್ಟಾಗಿ ತಯಾರಾಗಿ 1862ರಲ್ಲಿ ಸಮುದ್ರಕ್ಕೆ ಇಳಿಯಿತು. ಅದು ಮಾಡಿದ ಹಾನಿಗೂ ಸೇರಿ 1872ರಲ್ಲಿ ಬ್ರಿಟನ್ ಅಮೆರಿಕಕ್ಕೆ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ದಂಡ ಕಟ್ಟಬೇಕಾಯಿತು. ಇನ್ನೊಂದು ಕಡೆ, ಹಸಿದಿದ್ದ ಮ್ಯಾಂಚೆಸ್ಟರ್ ಕಾರ್ಮಿಕರು 1862ರ ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮಗಿರಿ ಹೋಗಲಿ, ನಾವು ನಿಮ್ಮ ಜೊತೆ ಇದ್ದೇವೆ ಅಂತ ಲಿಂಕನ್‌ಗೆ ಪತ್ರ ಬರೆದರು. ಲಿಂಕನ್ 1863ರ ಜನವರಿಯಲ್ಲಿ ಉತ್ತರ ಬರೆದ. ಇತಿಹಾಸದಲ್ಲಿ ಎದೆ ತುಂಬಿಬರುವ ಪತ್ರಗಳಲ್ಲಿ ಅದೂ ಒಂದು.

ಆದರೆ ಆ ಪತ್ರವ್ಯವಹಾರದಲ್ಲಿ ಇಲ್ಲದ ಒಬ್ಬನಿದ್ದಾನೆ. ಬ್ರಿಟನ್ ಯುದ್ಧಕ್ಕೆ ಇಳಿಯದೆ ಉಳಿದದ್ದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಅದಕ್ಕೆ ಹಿಂದುಸ್ತಾನದ ಹತ್ತಿ ಸಿಕ್ಕಿತು. ಗುಜರಾತ್, ಬೇರಾರ್, ಖಾನದೇಶ, ಧಾರವಾಡದ ಹೊಲಗಳು ಆ ಕೊರತೆಯನ್ನು ಅಷ್ಟಿಷ್ಟು ತುಂಬಿದವು. ಅಮೆರಿಕದ ಗುಲಾಮ ಒಡೆಯರ ಲೆಕ್ಕ ತಪ್ಪಿದ್ದರಲ್ಲಿ ನಮ್ಮ ಎರಿ ಹೊಲದ ರೈತನ ಪಾಲೂ ಒಂದು ಹಿಡಿ ಇದೆ. ಅವನಿಗೆ ಅದು ಗೊತ್ತಿರಲಿಲ್ಲ, ಯಾರೂ ಅವನಿಗೆ ಪತ್ರ ಬರೆಯಲಿಲ್ಲ.

ಅವನಿಗೆ ಗೊತ್ತಾದದ್ದು ಬೆಲೆ. 1864ರ ಹೊತ್ತಿಗೆ ಲಿವರ್‌ಪೂಲ್‌ನಲ್ಲಿ ಹತ್ತಿ ಬೆಲೆ ಯುದ್ಧಕ್ಕೆ ಮೊದಲು ಇದ್ದದ್ದಕ್ಕಿಂತ ನಾಲ್ಕು ಪಟ್ಟು ಮೀರಿತ್ತು. ಧಾರವಾಡದಲ್ಲಿ ಹತ್ತಿಯ ಬಿತ್ತನೆ ಹಬ್ಬಿತು. ಕೈಗೆ ಬೆಳ್ಳಿ ರೂಪಾಯಿ ಬಂತು. ಆಸೆಯ ಹಿಂದೆ ಮೋಸವೂ ಬಂತು: ಅಂಡಿಗೆಯಲ್ಲಿ ಕಾಳು ಸೇರಿಸೋದು, ತೂಕ ಬರಲಿ ಅಂತ ನೀರು ಚಿಮುಕಿಸೋದು, ವಿಲಾಯತಿಯಲ್ಲಿ ಜವಾರಿ ಬೆರೆಸೋದು. ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆ ತಡೆಗೇ ಒಂದು ಕಾನೂನು ತಂದು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಡಾ. ಫೋರ್ಬ್ಸ್ ಮುಂಬೈ ಪ್ರಾಂತದ ಕಾಟನ್ ಕಮಿಷನರ್ ಆದ. ಗಮನಿಸ್ರಿ, ಜೋಳಕ್ಕೆ ಇಂಥ ಕಾನೂನು ಬರಲಿಲ್ಲ, ಕಡಲೆಗೆ ಕಮಿಷನರ್ ಬರಲಿಲ್ಲ. ನಾವು ತಿನ್ನುವುದರ ಮೇಲೆ ಇಲ್ಲದ ಕಾಳಜಿ ಅವರು ನೇಯುವುದರ ಮೇಲೆ ಇತ್ತು.

ತಂತಿ ಬಂತು, ಬೆಲೆ ಬಿತ್ತು

1864ರಲ್ಲಿ ಪರ್ಷಿಯನ್ ಕೊಲ್ಲಿಯ ತಳದಲ್ಲಿ ಟೆಲಿಗ್ರಾಫ್ ತಂತಿ ಹಾಸಿದರು. ಮರುವರ್ಷ ಹಿಂದುಸ್ತಾನಕ್ಕೂ ಯುರೋಪಿಗೂ ತಂತಿ ಸಂಪರ್ಕ ಬಂತು. ಹೌದು, ಅದೇ ಕೊಲ್ಲಿ, ಮುಂದೆ ಎಣ್ಣೆಯ ಕಥೆ ನಡೆಯುವ ಜಾಗ. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಸುದ್ದಿ ಮುಂಬೈಗೆ ಮುಟ್ಟಿದ್ದೇ ತಡ, ಹತ್ತಿ ಬೆಲೆ ಕುಸಿಯಿತು. ಹತ್ತಿಯ ಹಣದ ಮೇಲೆ ಗಾಳಿಗೋಪುರ ಕಟ್ಟಿದ್ದ ಷೇರು ಕಂಪನಿಗಳು 1865ರ ಜುಲೈ 1ರಂದು, ವಾಯಿದೆ ಮುಗಿಯುವ ದಿನ, ನೆಲಕ್ಕುರುಳಿದವು. ಷೇರುಪೇಟೆಯ ದೊರೆ ಪ್ರೇಮಚಂದ ರಾಯಚಂದ ದಿವಾಳಿ ಎದ್ದ. ಬ್ಯಾಂಕ್ ಆಫ್ ಬಾಂಬೆ ಮುಳುಗಿತು.

ಮುಂಬೈಯ ಸೇಠರು ದಿವಾಳಿ ಎದ್ದದ್ದನ್ನು ಬಹಳ ಪುಸ್ತಕಗಳು ಬರೆದಿವೆ. ಹೊಲದ ಕಡೆ ಏನಾಯಿತು? ಬೆಲೆ ಏರಿದಾಗ ಸಾವ್ಕಾರ ಧಾರಾಳವಾಗಿ ಸಾಲ ಕೊಟ್ಟಿದ್ದ. ಬೆಲೆ ಇಳಿದಾಗ ಸಾಲ ಇಳಿಯಲಿಲ್ಲ. ಅದರ ಮೇಲೆ 1870ರ ದಶಕದಲ್ಲಿ, ಹಳೆಯ 30 ವರ್ಷಗಳ ಭೂಕಂದಾಯದ ಅವಧಿ ಮುಗಿದ ತಾಲ್ಲೂಕುಗಳಲ್ಲಿ ಸರ್ಕಾರ ಮರುಮೋಜಣಿ ಮಾಡಿ ಕಂದಾಯ ಏರಿಸಿತು. ಹಿಂದೆಯೇ 1876-78ರ ಬರಗಾಲ ಬಂತು. 1872 ಮತ್ತು 1881ರ ಜನಗಣತಿಗಳ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಏರುವ ಬದಲು ಇಳಿಯಿತು. ಹತ್ತಿಯೇ ಬರಕ್ಕೆ ಕಾರಣ ಅಂದರೆ ಅನ್ಯಾಯವಾದೀತು, ಮಳೆ ಹೋದದ್ದು ನಿಜ. ಆದರೆ ಹಗೇವಿನಲ್ಲಿ ಜೋಳ ಎಷ್ಟಿತ್ತು, ತಲೆ ಮೇಲೆ ಸಾಲ ಎಷ್ಟಿತ್ತು ಅನ್ನೋದರ ಮೇಲೆ ಬರದಲ್ಲಿ ಯಾರು ಉಳಿಯುತ್ತಾರೆ ಅನ್ನೋದು ತೀರ್ಮಾನವಾಗುತ್ತದೆ.

ಇನ್ನು ಕಾರವಾರದ ಬಂದರು? ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕೆಲವೇ ವರ್ಷಗಳಲ್ಲಿ ಬಾಗಿಲು ಮುಚ್ಚಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದು ಹುಬ್ಬಳ್ಳಿ, ಅಣ್ಣಿಗೇರಿ, ಗದಗ ರೈಲು ಹಾದಿಯ ಮೇಲೆ ಬಂದವು. ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳಕ್ಕೂ ರೈಲು ಬಂತು. ಕಲಘಟಗಿಯ ಮೇಲೆ ಹಾದು ಹೋಗುತ್ತಿದ್ದ ಹತ್ತಿ ಚಕ್ಕಡಿಗಳ ಸಾಲು ತೆಳುವಾಯಿತು. ಹತ್ತಿಗಾಗಿ ಗೆರೆ ಎಳೆದ ನಕ್ಷೆ ಉಳಿಯಿತು, ಹತ್ತಿ ಬೇರೆ ದಾರಿ ಹಿಡಿಯಿತು.

ಇದು ಪಿತೂರಿಯೇ?

ಇಲ್ಲಿ ಒಂದು ಮಾತು ನಿಚ್ಚಳವಾಗಲಿ. ಸಿನಿಮಾದಲ್ಲಿ ಮುಚ್ಚಿದ ಕೋಣೆ ಇರುತ್ತದೆ, ಗುಪ್ತ ಕಡತ ಇರುತ್ತದೆ, ಗುಂಡಿ ಒತ್ತುವ ಬೆರಳು ಇರುತ್ತದೆ. 1953ರ ಇರಾನಿನಲ್ಲಿ ಅಂಥ ಕೋಣೆ ನಿಜವಾಗಿಯೂ ಇತ್ತು. ಧಾರವಾಡದ ಹತ್ತಿಯ ಕಥೆಯಲ್ಲಿ ಹೆಚ್ಚು ಕಡಿಮೆ ಎಲ್ಲವೂ ಬಹಿರಂಗ. ಪಾರ್ಲಿಮೆಂಟಿನ ವರದಿ ಅಚ್ಚಾಗಿದೆ, ಅಸೋಸಿಯೇಷನ್ ತನ್ನದೇ ಪತ್ರಿಕೆ ನಡೆಸುತ್ತಿತ್ತು, ಕಾನೂನು ಗೆಜೆಟ್‌ನಲ್ಲಿದೆ. ಯಾರೂ ಏನನ್ನೂ ಮುಚ್ಚಿಡಲಿಲ್ಲ, ಯಾಕಂದ್ರೆ ಮುಚ್ಚಿಡುವ ಅಗತ್ಯವೇ ಇರಲಿಲ್ಲ. ನವಲಗುಂದದ ರೈತ ಆ ವರದಿ ಓದುವವನಲ್ಲ, ಆ ಸಭೆಗೆ ಅವನಿಗೆ ಕರೆ ಇಲ್ಲ.

ಹೊರಗಿನವರ ಹಸ್ತಕ್ಷೇಪ ಅಂದ ಕೂಡಲೇ ನಾವು ಗೂಢಚಾರರನ್ನು ಹುಡುಕುತ್ತೇವೆ. ರಸ್ತೆಯ ಟೆಂಡರ್, ಬೀಜದ ಪರವಾನಗಿ, ಕಂದಾಯದ ದರ ಇವೆಲ್ಲ ನಮಗೆ ಬೇಸರದ ವಿಷಯ. ಬಹುಪಾಲು ಹಸ್ತಕ್ಷೇಪ ನಡೆಯೋದು ಈ ಬೇಸರದ ಕಾಗದಗಳಲ್ಲೇ.

1980: ಎಣ್ಣೆ ಮತ್ತು ಹತ್ತಿ ಕೂಡಿದ ದಿನ

ನೂರು ವರ್ಷ ದಾಟೋಣ. ಅಮೆರಿಕದಿಂದ ಬಂದ ಆ ಹತ್ತಿ ನಮ್ಮ ಮಣ್ಣಿನಲ್ಲೇ ಸಂಸಾರ ಹೂಡಿತ್ತು. ಅದರಿಂದ ಗದಗ-1 ಅನ್ನುವ ತಳಿ ಆಯ್ದರು, ಅದರ ವಂಶದಲ್ಲಿ ಲಕ್ಷ್ಮೀ ಅನ್ನುವ ತಳಿ ಬಂತು. ಧಾರವಾಡದ ವಿಜ್ಞಾನಿ ಡಾ. ಬಿ.ಎಚ್. ಕಟರ್ಕಿ 1972ರಲ್ಲಿ ವರಲಕ್ಷ್ಮೀ ಅನ್ನುವ ಹೈಬ್ರಿಡ್ ಹತ್ತಿಯನ್ನು ಕೊಟ್ಟರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವಾಣಿಜ್ಯ ಬೆಳೆಗೆ ತಂದ ಮೊದಲ ಹೈಬ್ರಿಡ್ ಅದು. ಸಾಹೇಬರು ತಂದ ಬೀಜದ ಸಂತಾನದಿಂದ ನಮ್ಮವರು ತಮ್ಮದೇ ಬಂಗಾರ ತೆಗೆದಿದ್ದರು.

ಅದೇ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ನವಲಗುಂದ, ನರಗುಂದದ ಎರಿ ಭೂಮಿಗೆ ಬಂತು. ವರಲಕ್ಷ್ಮೀ ಹಾಕಿದವರು ಒಂದೆರಡು ವರ್ಷ ಚೆನ್ನಾಗಿ ದುಡ್ಡು ಕಂಡರು. ಆಮೇಲೆ ಬೆಲೆ ಬಿತ್ತು. ಹೈಬ್ರಿಡ್ ಹತ್ತಿ ಜವಾರಿಯ ಹಾಗಲ್ಲ, ಅದಕ್ಕೆ ಸರ್ಕಾರಿ ಗೊಬ್ಬರ ಬೇಕು, ಔಷಧಿ ಬೇಕು. ಗೊಬ್ಬರದ ಹಿಂದೆ ಎಣ್ಣೆ ಇದೆ. ನಮ್ಮ ಯೂರಿಯಾ ಕಾರ್ಖಾನೆಗಳಲ್ಲಿ ಆಗ ಬಹಳಷ್ಟು ನಡೆಯುತ್ತಿದ್ದದ್ದು ಪೆಟ್ರೋಲಿಯಂನಿಂದ ಬರುವ ನಾಫ್ತಾ ಮೇಲೆ. 1973ರಲ್ಲಿ ಕಚ್ಚಾ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಗಿ ಎರಡನೇ ಪೆಟ್ಟು ಬಿತ್ತು. ಡೀಸೆಲ್, ಗೊಬ್ಬರ ತುಟ್ಟಿಯಾದವು.

ಇರಾನಿನಲ್ಲಿ 1979ರಲ್ಲಿ ಜನ ಓಡಿಸಿದ್ದು ಯಾರನ್ನು? 1953ರಲ್ಲಿ ಮೊಸಾದೆಗ್ ಅವರನ್ನು ಕೆಳಗಿಳಿಸಿ ಅಮೆರಿಕ, ಬ್ರಿಟನ್ ಬಲಪಡಿಸಿದ್ದ ಷಾ ದೊರೆಯನ್ನು. ಈಗ ಎಳೆ ಕೂಡಿಸಿ ನೋಡ್ರಿ. ಟೆಹರಾನಿನಲ್ಲಿ ಬಿತ್ತಿದ್ದರ ಒಂದು ಕವಲು 27 ವರ್ಷಗಳ ಮೇಲೆ ನಮ್ಮ ಹೊಲದ ಖರ್ಚಿನ ಪಟ್ಟಿಯಲ್ಲಿ ಕಾಣಿಸಿಕೊಂಡಿತು.

ಮೇಲಿಂದ ಸರ್ಕಾರ ನೀರು ಕೊಟ್ಟದ್ದಕ್ಕೆ ನೀರಿನ ಕರ, ಜಮೀನಿನ ಬೆಲೆ ಹೆಚ್ಚಿತು ಅಂತ ಬೆಟರ್‌ಮೆಂಟ್ ಲೆವಿ ವಸೂಲಿಗೆ ಇಳಿಯಿತು. ಎಷ್ಟೋ ಹೊಲಕ್ಕೆ ನೀರೇ ಮುಟ್ಟಿರಲಿಲ್ಲ, ಕೆಲವು ಕಡೆ ನೀರು ನಿಂತು ಭೂಮಿ ಕೆಟ್ಟಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ರೈತರು ಕಚೇರಿಗಳ ಮುಂದೆ ನೆರೆದರು. ಪೊಲೀಸರು ಗುಂಡು ಹಾರಿಸಿದರು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಈರಪ್ಪ ಕಡ್ಲಿಕೊಪ್ಪ ಬಿದ್ದರು. ನರಗುಂದದಲ್ಲಿ ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಆ ಕಿಡಿ ರಾಜ್ಯವೆಲ್ಲ ಹಬ್ಬಿತು, ರೈತ ಸಂಘ ಬೆಳೆಯಿತು, 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿತ್ತು. ಜುಲೈ 21 ಇವತ್ತಿಗೂ ರೈತ ಹುತಾತ್ಮ ದಿನ.

ಬಂಡಾಯಕ್ಕೆ ಎಣ್ಣೆಯೊಂದೇ ಕಾರಣ ಅಲ್ಲ. ಕರ, ಅಧಿಕಾರಿಗಳ ದರ್ಪ, ಬಿದ್ದ ಹತ್ತಿ ಬೆಲೆ ಎಲ್ಲ ಸೇರಿದವು. ಆದರೆ 'ಸಿರಿಯಾನಾ'ದ ಆ ಕೂಲಿ ಹುಡುಗನಿಗೂ ಈ ರೈತನಿಗೂ ಒಂದು ಸಾಮ್ಯ ಇದೆ. ತನ್ನ ಬದುಕು ತಿರುಗಿದ ತಿರುಗಣಿ ಎಲ್ಲಿದೆ ಅನ್ನೋದು ಇಬ್ಬರಿಗೂ ಕಾಣಲಿಲ್ಲ. ವ್ಯತ್ಯಾಸವೂ ಇದೆ, ಅದು ದೊಡ್ಡದು. ಸಿನಿಮಾದ ಹುಡುಗನಿಗೆ ಉಳಿದದ್ದು ಸಾಯುವ ದಾರಿ ಮಾತ್ರ. ನಮ್ಮ ರೈತರು ಸಂಘ ಕಟ್ಟಿದರು, ಮತ ಹಾಕಿದರು, ಸರ್ಕಾರ ಬದಲಿಸಿದರು.

ಇವತ್ತಿನ ಅಂಡಿಗೆ

2002ರಲ್ಲಿ ಬಿಟಿ ಹತ್ತಿಗೆ ಭಾರತ ಒಪ್ಪಿಗೆ ಕೊಟ್ಟಿತು. ತಂತ್ರಜ್ಞಾನ ಅಮೆರಿಕದ ಮಾನ್ಸಾಂಟೊ ಕಂಪನಿಯದು. ಕಾಯಿಕೊರಕ ತಗ್ಗಿತು, ಇಳುವರಿ ಬಂತು, ಅದನ್ನು ಅಲ್ಲಗಳೆಯಲಾಗದು. ಆದರೆ 1840ರ ದಶಕದಲ್ಲಿ ಬೀಜದ ಹಿಂದೆ ಜಿನ್ನು ಬಂದ ಹಾಗೆ, ಈ ಬೀಜದ ಹಿಂದೆ ಪ್ರತಿ ವರ್ಷ ಅಂಗಡಿಗೆ ಹೋಗುವ ಕಟ್ಟುಪಾಡು ಬಂತು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ 50 ಶೇಕಡಾ ಸುಂಕ ಹೇರಿದ ಹೊತ್ತಿಗೇ, ಕೇಂದ್ರ ಸರ್ಕಾರ ಆಮದು ಹತ್ತಿಯ ಮೇಲಿದ್ದ 11 ಶೇಕಡಾ ಸುಂಕವನ್ನು ಮೊದಲು ಸೆಪ್ಟೆಂಬರ್ ಕೊನೆಯವರೆಗೆ, ಆಮೇಲೆ ಡಿಸೆಂಬರ್ ಕೊನೆಯವರೆಗೆ ತೆಗೆಯಿತು. ಜವಳಿ ಗಿರಣಿಗಳಿಗೆ ಅದರಿಂದ ಉಸಿರು ಬಂತು. ಹತ್ತಿ ಬಿಡಿಸುವ ಹೊತ್ತಿಗೆ ಬೆಲೆ ಏನಾಗುತ್ತದೋ ಅನ್ನುವ ದಿಗಿಲು ರೈತರ ಪಾಲಿಗೆ ಬಂತು. 1861ರಲ್ಲಿ ಅಮೆರಿಕದ ಹತ್ತಿ ನಿಂತಾಗ ನಮ್ಮ ಬೆಲೆ ಏರಿತ್ತು. ಈಗ ಹೊರಗಿನ ಹತ್ತಿಗೆ ಬಾಗಿಲು ತೆರೆದಾಗ ನಮ್ಮ ಬೆಲೆ ನಡುಗುತ್ತದೆ.

ಎಣ್ಣೆ ಮತ್ತು ಹತ್ತಿಯ ಜಗಳ ಹುಬ್ಬಳ್ಳಿಯ ಬೆಂಗೇರಿಗೂ ಬಂದಿದೆ. ಅಲ್ಲಿನ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಸಿದ್ಧವಾಗುತ್ತದೆ, ಧಾರವಾಡ ತಾಲ್ಲೂಕಿನ ಗರಗದಲ್ಲೂ ಧ್ವಜದ ಬಟ್ಟೆ ನೇಯುತ್ತಾರೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದುಪಡಿ ಆಗಿ ಪಾಲಿಸ್ಟರ್ ಧ್ವಜಕ್ಕೂ ಅವಕಾಶ ಸಿಕ್ಕಿತು. ಬೆಂಗೇರಿಯಿಂದ ವಿರೋಧದ ದನಿ ಎದ್ದಿತು. ಪಾಲಿಸ್ಟರ್ ಎಲ್ಲಿಂದ ಬರುತ್ತದೆ? ಕಚ್ಚಾ ಎಣ್ಣೆಯಿಂದ. ಒಂದು ಕಾಲದ ಎಣ್ಣೆಯಾಗಿದ್ದ ಹತ್ತಿಯನ್ನು ಈ ಕಾಲದ ಎಣ್ಣೆ ಧ್ವಜದ ಕಂಬದ ಮೇಲೂ ಹಿಂದಕ್ಕೆ ತಳ್ಳುತ್ತಿದೆ.

ಇನ್ನು ಮುಂದೆ ಎಣ್ಣೆಯ ರಾಜಕಾರಣದ ಸಿನಿಮಾ ನೋಡುವಾಗ ಒಂದು ಕೆಲಸ ಮಾಡ್ರಿ. ಗುಂಡು ಹಾರಿಸಿದವರು ಯಾರು ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಬೆಲೆ ಎಲ್ಲಿ ತೀರ್ಮಾನವಾಯಿತು, ಆ ಕೋಣೆಯಲ್ಲಿ ಯಾರು ಇರಲಿಲ್ಲ? ಅಣ್ಣಿಗೇರಿಯ ಎಪಿಎಂಸಿಯಲ್ಲಿ ಹತ್ತಿ ಅಂಡಿಗೆಯ ಪಕ್ಕ ನಿಂತು ಇವತ್ತಿನ ದರ ಕೇಳುವ ರೈತನಿಗೂ ಆ ಪ್ರಶ್ನೆ ಬೇಕು. ದರ ಎಷ್ಟು ಅನ್ನೋದಷ್ಟೇ ಸಾಲದು, ಆ ದರ ಬಂದದ್ದು ಎಲ್ಲಿಂದ ಅಂತ ಕೇಳುವ ಹಕ್ಕೂ ಅವನಿಗಿದೆ. ಅದಕ್ಕೆ ಉತ್ತರ ಕೊಡುವ ಕಾಗದಗಳು ಗುಪ್ತವಾಗಿಲ್ಲ. ಅವು ಅವನ ಭಾಷೆಯಲ್ಲಿ ಅವನ ಕೈಗೆ ಬರುತ್ತಿಲ್ಲ, ಅಷ್ಟೇ.

ನಿಮ್ಮ ಊರಿನ ಹಳೆಯ ಜಿನ್ನಿಂಗ್ ಫ್ಯಾಕ್ಟರಿಯ ಕಥೆ ಮನೆಯ ಹಿರಿಯರಿಗೆ ಗೊತ್ತಿದ್ದರೆ ಕೇಳಿ ಬರೆದಿಡ್ರಿ.